ಅಂತರಿಕ್ಷಕ್ಕೆ ನೆಲಮಾಳಿಗೆಯಿಂದ ದಾರಿ

ಸೈಕೆಡೆಲಿಕ್ ರಾಕ್ ಬ್ಯಾಂಡುಗಳಿಗೆ ಅಂತರಿಕ್ಷದ ಮೇಲಿರುವಷ್ಟು ವ್ಯಾಮೋಹ ರಾಕೆಟ್ ಹಾರಿಸುವವರಿಗೂ ಇರಲಿಕ್ಕಿಲ್ಲ. ಹಾಡಿನ ಹೆಸರಿನಲ್ಲಿ ಗ್ರಹ, ಆಲ್ಬಮ್ಮಿನ ಹೊದಿಕೆಯ ಮೇಲೆ ನೀಹಾರಿಕೆ, ಗಿಟಾರಿನ ಸದ್ದಿನಲ್ಲಿ ಗುರುತ್ವಾಕರ್ಷಣೆಗೇ ಸೆಡ್ಡು. ಇಷ್ಟೆಲ್ಲ ಇದ್ದೂ ಈ ಸಂಗೀತ ಕಣ್ಣುಬಿಟ್ಟ ಜಾಗಗಳನ್ನು ನೋಡಿದರೆ ನಗು ಬರುತ್ತದೆ. ಒಂದು ಸಿನಿಮಾ ಮಂದಿರದ ಕೆಳಗಿನ ನೆಲಮಾಳಿಗೆ, ಒಂದು ಚರ್ಚಿನ ಹಾಲ್, ಹಿಂದೆ ಪಿಜ್ಜಾ ಅಂಗಡಿಯಾಗಿದ್ದ ಒಂದು ಕೋಣೆ. ಕೈಯಲ್ಲಿ ಕಾಸಿಲ್ಲದ ಹುಡುಗರಿಗೆ ಆಗ ಸಿಕ್ಕಿದ್ದು ಅಷ್ಟೇ, ದುಡ್ಡು ಬಂದ ಮೇಲೆ ಸ್ಟೇಡಿಯಮ್ಮಿಗೆ ಹೋದರು, ಇದರಲ್ಲೇನು ವಿಶೇಷ ಎಂದು ನೀವು ಕೇಳಬಹುದು. ವಿಶೇಷ ಇದೆ ಎಂಬುದೇ ನನ್ನ ವಾದ. ಬೇರೆ ಸಂಗೀತದ ಮಾತು ಹಾಗಿರಲಿ, ಈ ಬಗೆಯದ್ದಕ್ಕೆ ಇಕ್ಕಟ್ಟು ಬೇಕೇ ಬೇಕು. ಬ್ರಹ್ಮಾಂಡ ತೋರಿಸುತ್ತೇನೆ ಎಂದು ಹೊರಟವನಿಗೆ ಮೊದಲು ಬೇಕಾದದ್ದು ತಗ್ಗಿನ ಸೂರು, ನಾಲ್ಕು ಗೋಡೆ, ಭುಜಕ್ಕೆ ಭುಜ ತಾಗಿಸಿ ನಿಂತ ಇನ್ನೂರು ಮುನ್ನೂರು ಜನ. ಯಶೋದೆಗೂ ಬ್ರಹ್ಮಾಂಡ ಕಂಡದ್ದು ಮಣ್ಣು ಮೆತ್ತಿದ ಒಂದು ಪುಟ್ಟ ಬಾಯಿಯೊಳಗೆ ತಾನೆ.

ಸಾಕ್ಷಿಗೆ ಲಂಡನ್ನಿನ ಯುಎಫ್ಒ ಕ್ಲಬ್ಬನ್ನೇ ಕರೆಯೋಣ. ಜೋ ಬಾಯ್ಡ್ ಮತ್ತು ಜಾನ್ ಹಾಪ್ಕಿನ್ಸ್ ಎಂಬಿಬ್ಬರು 1966ರ ಡಿಸೆಂಬರ್ 23ರಂದು ಟಾಟನಮ್ ಕೋರ್ಟ್ ರಸ್ತೆಯ 31ನೇ ನಂಬರಿನಲ್ಲಿ ಇದನ್ನು ಶುರುಮಾಡಿದರು. ಜಾಗದ ನಿಜವಾದ ಹೆಸರು ಬ್ಲಾರ್ನಿ ಕ್ಲಬ್. ಅದು ಸಿನಿಮಾ ಮಂದಿರದ ಕೆಳಗೆ ಐರಿಷ್ ಜನ ಜೋಡಿ ಕಟ್ಟಿಕೊಂಡು ಕುಣಿಯುತ್ತಿದ್ದ ಡಾನ್ಸ್ ಹಾಲ್. ಶುಕ್ರವಾರ ಮಾತ್ರ ರಾತ್ರಿ ಹತ್ತೂವರೆಯ ಹೊತ್ತಿಗೆ ಅದು ಬೇರೆ ಲೋಕವಾಗಿ ಬೆಳಗಿನವರೆಗೆ ಹಾಗೆಯೇ ಇರುತ್ತಿತ್ತು. ಮದ್ಯದ ಪರವಾನಗಿ ಇರಲಿಲ್ಲ. ಖಾಯಂ ಬ್ಯಾಂಡುಗಳು ಎರಡು, ಪಿಂಕ್ ಫ್ಲಾಯ್ಡ್ ಮತ್ತು ಸಾಫ್ಟ್ ಮೆಷಿನ್. ಪಿಂಕ್ ಫ್ಲಾಯ್ಡ್ ಇದಕ್ಕೆ ಮುಂಚೆ ನುಡಿಸುತ್ತಿದ್ದದ್ದು ನಾಟಿಂಗ್ ಹಿಲ್‌ನ ಆಲ್ ಸೇಂಟ್ಸ್ ಚರ್ಚಿನ ಹಾಲಿನಲ್ಲಿ. ಅಲ್ಲಿಗೆ ಬಂದ ಅಮೆರಿಕದ ದಂಪತಿಯೊಬ್ಬರು ಬ್ಯಾಂಡಿನ ಮೇಲೆ ಬಣ್ಣದ ಸ್ಲೈಡು ಬಿಟ್ಟದ್ದೇ ಅವರ ಬೆಳಕಿನಾಟಕ್ಕೆ ನಾಂದಿ. ಅತ್ತ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಜೆಫರ್ಸನ್ ಏರ್‌ಪ್ಲೇನ್ ಮೊದಲ ಬಾರಿ ನುಡಿಸಿದ್ದು 1965ರ ಆಗಸ್ಟಿನಲ್ಲಿ, ಮೇಟ್ರಿಕ್ಸ್ ಎಂಬ ಪುಟ್ಟ ಕ್ಲಬ್ಬಿನಲ್ಲಿ. ನಾನು ಮೇಲೆ ಹೇಳಿದ ಪಿಜ್ಜಾ ಅಂಗಡಿ ಅದೇ. ಅದೇ ಬೇಸಿಗೆಯಲ್ಲಿ ಚಾರ್ಲಟನ್ಸ್ ಎಂಬ ಬ್ಯಾಂಡು ನೆವಾಡಾದ ವರ್ಜೀನಿಯಾ ಸಿಟಿ ಎಂಬ ಹಳೆಯ ಬೆಳ್ಳಿಗಣಿ ಊರಿನ ಒಂದು ಸಲೂನಿನಲ್ಲಿ ಕೌಬಾಯ್ ವೇಷ ಹಾಕಿಕೊಂಡು ನುಡಿಸುತ್ತಿತ್ತು. ಒಂದಕ್ಕೊಂದು ಸಂಬಂಧವಿಲ್ಲದ ಊರುಗಳಲ್ಲಿ ಎಲ್ಲರೂ ಹೀಗೆ ಸಣ್ಣ ಕೋಣೆಗೇ ಬಂದು ಬಿದ್ದದ್ದನ್ನು ಬಡತನದ ಲೆಕ್ಕಕ್ಕೇ ಹಾಕಿ ಸುಮ್ಮನಾಗಬಹುದಿತ್ತು. ಆದರೆ ಆ ಸದ್ದು ಕೋಣೆಯೊಳಗೆ ಏನು ಮಾಡುತ್ತದೆ ಎಂದು ವಿಚಾರಿಸಿದರೆ ಸುಮ್ಮನಾಗಲು ಆಗುವುದಿಲ್ಲ.

ಫೀಡ್‌ಬ್ಯಾಕನ್ನೇ ತೆಗೆದುಕೊಳ್ಳಿ. ರಾಜ್ಯೋತ್ಸವದ ವೇದಿಕೆಯಲ್ಲಿ ಅಧ್ಯಕ್ಷರು ಮೈಕು ಹಿಡಿದು ಸ್ಪೀಕರಿನ ಮುಂದೆ ಬಂದ ಕೂಡಲೇ 'ಕುಂಯ್' ಎಂಬ ಕಿರುಚಾಟ ಏಳುತ್ತದೆ. ಸೌಂಡಿನ ಹುಡುಗ ಓಡಿಬರುತ್ತಾನೆ, ಸಭೆ ಕಿವಿ ಮುಚ್ಚಿಕೊಳ್ಳುತ್ತದೆ, ಅಧ್ಯಕ್ಷರು ಮಾತ್ರ ಅದು ತಮ್ಮ ಧ್ವನಿಯ ಗುಣವೆಂದು ಭಾವಿಸಿ ಮುಂದುವರಿಸುತ್ತಾರೆ. ಸೈಕೆಡೆಲಿಕ್ ಗಿಟಾರಿಸ್ಟ್ ಇದೇ ಕಿರುಚಾಟವನ್ನು ಬೇಕೆಂದೇ ಎಬ್ಬಿಸಿ, ಹೆಜ್ಜೆ ಹಿಂದೆ ಮುಂದೆ ಇಟ್ಟು ಅದನ್ನು ಪಳಗಿಸುತ್ತಾನೆ. ಗಿಟಾರಿನ ತಂತಿ, ಆಂಪು ಮತ್ತು ಅವುಗಳ ನಡುವಿನ ಗಾಳಿ ಸೇರಿ ಒಂದೇ ವಾದ್ಯವಾದಾಗ ಮಾತ್ರ ಇದು ಸಾಧ್ಯ. ಇನ್ನು ಬೇಸ್ ಗಿಟಾರಿನ ಕೆಳಸ್ವರ. 40 ಹರ್ಟ್ಸ್‌ನ ಒಂದು ಅಲೆಯ ಉದ್ದ ಸುಮಾರು ಎಂಟೂವರೆ ಮೀಟರ್, ಅಂದರೆ ಹೆಚ್ಚುಕಡಿಮೆ ಒಂದು ಸಣ್ಣ ಹಾಲಿನ ಅಗಲ. ಅಂಥ ಅಲೆ ಗೋಡೆಗೆ ಬಡಿದು ಹಿಂದಿರುಗಿ ತನ್ನನ್ನೇ ಎದುರುಗೊಂಡಾಗ ಕೋಣೆಯ ಕೆಲವು ಕಡೆ ಸದ್ದು ಇಮ್ಮಡಿಯಾಗುತ್ತದೆ, ಅಲ್ಲಿಂದ ಎರಡು ಮೀಟರ್ ಆಚೆ ಕರಗಿಹೋಗುತ್ತದೆ. ಕಂಬದ ಪಕ್ಕ ನಿಂತವನ ಎದೆಯಲ್ಲಿ ಬೇಸು ಗುದ್ದುತ್ತಿರುತ್ತದೆ, ಅವನ ಗೆಳೆಯ ನೀರು ತರಲು ನಾಲ್ಕು ಹೆಜ್ಜೆ ಹೋದರೆ ಅದೇ ಹಾಡಿನಲ್ಲಿ ಬೇಸೇ ಇಲ್ಲ! ಸೌಂಡ್ ಎಂಜಿನಿಯರುಗಳ ಪಾಲಿಗೆ ಇದೊಂದು ರೋಗ, ಔಷಧಿಯೂ ಇದೆ. ಲೋಕ ಒಂದೇ ಆದರೂ ಕಾಣುವ ಬಗೆ ಬೇರೆ ಬೇರೆ ಎಂದು ಸಾರುವ ಸಂಗೀತಕ್ಕೆ ಮಾತ್ರ ಈ ರೋಗ ವರ. ತಾನು ನಿಲ್ಲುವ ಜಾಗ ಬದಲಿಸಿ ಹಾಡನ್ನೇ ಬದಲಿಸಿಕೊಳ್ಳುವ ಈ ಸೌಲಭ್ಯ ಕೇಳುಗನಿಗೆ ಸ್ಟೇಡಿಯಮ್ಮಿನಲ್ಲಿ ಸಿಗುವುದಿಲ್ಲ. ಅಲ್ಲಿ ಜಾಗ ಬದಲಿಸಿದರೆ ಸೆಕ್ಯುರಿಟಿಯವನು ಬರುತ್ತಾನೆ.

ಪ್ರತಿಧ್ವನಿಯದು ಇನ್ನೂ ಚೆಂದದ ಕತೆ. ಪಿಂಕ್ ಫ್ಲಾಯ್ಡ್‌ನ ಆ ತೇಲುವ ಸದ್ದಿನ ಅರ್ಧ ಪುಣ್ಯ ಇಟಲಿಯ ಬಿನ್ಸನ್ ಎಕೊರೆಕ್ ಎಂಬ ಪೆಟ್ಟಿಗೆಗೆ ಸಲ್ಲಬೇಕು. ಟೇಪಿನ ಬದಲು ತಿರುಗುವ ಕಾಂತೀಯ ಚಕ್ರವೊಂದರ ಮೇಲೆ ಸ್ವರವನ್ನು ಬರೆದುಕೊಂಡು, ಸುತ್ತ ಜೋಡಿಸಿದ ಹೆಡ್ಡುಗಳಿಂದ ಸ್ವಲ್ಪ ಸ್ವಲ್ಪ ತಡವಾಗಿ ಅದನ್ನೇ ಮರಳಿ ಒಪ್ಪಿಸುವ ಯಂತ್ರ. ಇದರ ಕೆಲಸವೇ, ಇಲ್ಲದ ಕಣಿವೆಯನ್ನು ಇದೆಯೆಂದು ನಂಬಿಸುವುದು. ಹನ್ನೆರಡು ಮೀಟರ್ ಉದ್ದದ ಕೋಣೆಯಲ್ಲಿ ಸದ್ದು ಹಿಂಗೋಡೆ ಮುಟ್ಟಲು ಬೇಕಾಗುವುದು ಸೆಕೆಂಡಿನ ನೂರರಲ್ಲಿ ಮೂರೂವರೆ ಪಾಲು. ಇಷ್ಟು ಕಡಿಮೆ ಅಂತರದಲ್ಲಿ ಬಂದ ಎರಡು ಸದ್ದನ್ನು ಕಿವಿ ಸಾಮಾನ್ಯವಾಗಿ ಒಂದೇ ಎಂದು ಒಪ್ಪಿಬಿಡುತ್ತದೆ. ಹಾಗಾಗಿ ಸಣ್ಣ ಕೋಣೆ ತನ್ನದೇ ಮಾತು ಸೇರಿಸದೆ ಯಂತ್ರದ ಕಣಿವೆಗೆ ಜಾಗ ಬಿಟ್ಟುಕೊಡುತ್ತದೆ. ಸ್ಟೇಡಿಯಮ್ಮಿನಲ್ಲಿ ನೂರು ಮೀಟರ್ ದೂರ ಕುಳಿತವನಿಗೆ ಸದ್ದು ತಲುಪುವುದೇ ಸೆಕೆಂಡಿನ ಮೂರನೇ ಒಂದು ಪಾಲಿನಷ್ಟು ತಡವಾಗಿ. ಡ್ರಮ್ಮರ್ ಕೋಲು ಮೇಲೆತ್ತಿದ ಮೇಲೆ ಹಿಂದಿನ ಪೆಟ್ಟು ಕೇಳಿಸುತ್ತದೆ. ಎದುರಿನ ಕಾಂಕ್ರೀಟು ಅದನ್ನೇ ಮತ್ತೊಮ್ಮೆ ಹೇಳುತ್ತದೆ. ನಿಜವಾದ ಕಣಿವೆಯೊಳಗೆ ಸುಳ್ಳು ಕಣಿವೆಯನ್ನು ತಂದು ಇಟ್ಟರೆ ಎರಡೂ ಕೂಡಿ ಗೊಜ್ಜಾಗುತ್ತದೆ. ಇದು ಆ ಹುಡುಗರಿಗೆ ತಿಳಿಯದ್ದೇನಲ್ಲ. ಪಿಂಕ್ ಫ್ಲಾಯ್ಡ್‌ನ ವಾಟರ್ಸ್, ಮೇಸನ್, ರೈಟ್ ಮೂವರೂ ಲಂಡನ್ನಿನ ರೀಜೆಂಟ್ ಸ್ಟ್ರೀಟ್ ಪಾಲಿಟೆಕ್ನಿಕ್‌ನಲ್ಲಿ ವಾಸ್ತುಶಿಲ್ಪ ಓದುತ್ತಿದ್ದಾಗ ಜೊತೆಯಾದವರು. 1967ರ ಮೇ 12ರಂದು ಕ್ವೀನ್ ಎಲಿಜಬೆತ್ ಹಾಲಿನಲ್ಲಿ ಅವರು ಅಜಿಮತ್ ಕೋಆರ್ಡಿನೇಟರ್ ಎಂಬ ಹೊಸ ಯಂತ್ರ ತಂದರು. ಕೋಲೊಂದನ್ನು ಬೆರಳಿನಿಂದ ತಿರುಗಿಸಿದರೆ ಸದ್ದು ಸಭಾಂಗಣದ ಮೂಲೆಯಿಂದ ಮೂಲೆಗೆ ಸುತ್ತು ಹಾಕುತ್ತಿತ್ತು. ಹಾಗೆ ಸುತ್ತುವ ಸದ್ದಿನ ನಟ್ಟನಡುವೆ ಇರುವ ಭಾಗ್ಯ ಎಷ್ಟು ಜನಕ್ಕೆ ಸಿಗಬಲ್ಲದು ಎಂದು ಲೆಕ್ಕ ಹಾಕಿದರೆ ಹಾಲಿನ ಅಳತೆ ತಾನಾಗಿಯೇ ಗೊತ್ತಾಗುತ್ತದೆ. ಅಂದಹಾಗೆ, ಕಛೇರಿ ಮುಗಿದ ಮೇಲೆ ಯಂತ್ರವನ್ನು ಯಾರೋ ಕದ್ದರು. ಸೋಪಿನ ಗುಳ್ಳೆ ಊದಿ, ಹೂವು ಎರಚಿ ಕುರ್ಚಿಗಳನ್ನು ಕೊಳೆ ಮಾಡಿದ್ದಕ್ಕೆ ಹಾಲಿನವರು ಬ್ಯಾಂಡಿಗೆ ಬಹಿಷ್ಕಾರ ಹಾಕಿದರು. ಒಂದೇ ಸಂಜೆಗೆ ಎರಡು ನಷ್ಟ.

ಬೆಳಕಿನ ವಿಷಯಕ್ಕೆ ಬಂದರೆ ನನ್ನ ವಾದ ಕಣ್ಣಿಗೇ ಕಾಣುತ್ತದೆ. ಯುಎಫ್ಒದಲ್ಲಿ ಮಾರ್ಕ್ ಬಾಯ್ಲ್ ಎಂಬ ಕಲಾವಿದರ ಬೆಳಕಿನಾಟ ಪ್ರಸಿದ್ಧವಾಗಿತ್ತು. ಆ ಕಾಲದ ಬೆಳಕಿನಾಟದ ಸಾಮಗ್ರಿಯನ್ನು ಹತ್ತಿರದಿಂದ ನೋಡಿದರೆ ಅಡುಗೆಮನೆಯ ಸಾಮಾನು ಅನ್ನಬೇಕು. ಗಡಿಯಾರದ ಗಾಜಿನಂಥ ಬಾಗಿದ ಎರಡು ತಟ್ಟೆ, ಒಂದಿಷ್ಟು ಎಣ್ಣೆ, ಬಣ್ಣ ಕಲಸಿದ ನೀರು. ಒಂದರೊಳಗೆ ಇದನ್ನೆಲ್ಲ ಸುರಿದು, ಮೇಲೆ ಇನ್ನೊಂದನ್ನಿಟ್ಟು, ಕೆಳಗಿನಿಂದ ಪ್ರೊಜೆಕ್ಟರಿನ ದೀಪ ಬಿಡುವುದು. ಮೇಲಿನ ಗಾಜನ್ನು ಬೆರಳಿನಿಂದ ಒಂದು ಚೂರು ಒತ್ತಿದರೆ ಗೋಡೆಯ ಮೇಲೆ ಕೆಂಪು ಗುಳ್ಳೆಯೊಂದು ಉಬ್ಬಿ ನೀಲಿಯನ್ನು ನುಂಗುತ್ತದೆ. ಡ್ರಮ್ಮಿನ ತಾಳಕ್ಕೆ ಒತ್ತುತ್ತ ಹೋದರೆ ಗೋಡೆಯೇ ಉಸಿರಾಡುತ್ತದೆ. ದೀಪದ ಕಾವಿಗೆ ನೀರು ಕುದಿಯತೊಡಗಿದಾಗ ಸಣ್ಣ ಸಣ್ಣ ಗುಳ್ಳೆಗಳು ತಾವಾಗಿಯೇ ಸಿಡಿಯುತ್ತವೆ, ಆ ಭಾಗ ಯಾರ ಕೈಯಲ್ಲೂ ಇಲ್ಲ. ಇಂಥ ದೀಪದ ಬೆಳಕು ಮಂದ; ದೂರ ಎಸೆದರೆ ಸಪ್ಪೆ. ಸಣ್ಣ ಕೋಣೆಯಲ್ಲಿ ಅದು ಹಿಂಗೋಡೆ, ಸೂರು, ಡ್ರಮ್ಮರನ ಅಂಗಿ, ಮುಂದಿನ ಸಾಲಿನವರ ಹಣೆ ಎಲ್ಲದರ ಮೇಲೂ ಒಟ್ಟಿಗೆ ಹರಿಯುತ್ತದೆ. ಯಾರು ನುಡಿಸುವವರು, ಯಾರು ಕೇಳುವವರು, ಎಲ್ಲಿ ಗೋಡೆ ಮುಗಿಯಿತು ಎಂದು ಹೇಳುವುದು ಕಷ್ಟವಾಗುತ್ತದೆ. ಪಿಂಕ್ ಫ್ಲಾಯ್ಡ್‌ನ ಗಿಟಾರಿಸ್ಟ್ ಸಿಡ್ ಬ್ಯಾರೆಟ್ ತನ್ನ ಗಿಟಾರಿಗೆ ದುಂಡನೆಯ ಕನ್ನಡಿಬಿಲ್ಲೆಗಳನ್ನು ಅಂಟಿಸಿದ್ದ. ಆ ಬಿಲ್ಲೆಗಳಿಂದ ಚಿಮ್ಮಿದ ಬೆಳಕು ಮುಟ್ಟುವಷ್ಟು ದೂರವೇ ಈ ಕಲೆಯ ಸರಿಯಾದ ಅಳತೆ ಎಂದು ನಾನು ತೀರ್ಪು ಕೊಡಲು ಸಿದ್ಧ. ಈಗಿನ ದೊಡ್ಡ ಶೋಗಳಲ್ಲಿ ಅರವತ್ತು ಅಡಿಯ ಎಲ್‌ಇಡಿ ಪರದೆ ಇರುತ್ತದೆ, ನಿಜ. ಅದನ್ನು ಮನೆಯ ಟಿವಿ ನೋಡಿದಂತೆ ಎದುರಿಗೆ ನಿಂತು ನೋಡಬೇಕು, ಒಳಗೆ ಹೋಗಲಾಗದು.

ಇನ್ನೊಂದು ಸಾಕ್ಷಿ ಟೆಕ್ಸಸ್‌ನ ಆಸ್ಟಿನ್‌ನಿಂದ. 1965ರ ಕೊನೆಯಲ್ಲಿ ಶುರುವಾದ ತರ್ಟೀನ್ತ್ ಫ್ಲೋರ್ ಎಲಿವೇಟರ್ಸ್ ಬ್ಯಾಂಡಿನಲ್ಲಿ ಟಾಮಿ ಹಾಲ್ ಎಂಬಾತ ನುಡಿಸುತ್ತಿದ್ದದ್ದು ಹೂಜಿ. ಹೌದು, ನೀರಿನ ಹೂಜಿಯೇ. ಅದರ ಬಾಯಿಗೆ ಮೈಕು ಹಿಡಿದು, ಒಳಕ್ಕೆ ಬಾಯಿಂದ ಗುಳುಗುಳು ಸದ್ದು ಬಿಡುತ್ತಿದ್ದ. 1966ರ ಅವರ ಮೊದಲ ಆಲ್ಬಮ್ ಕೇಳಿದರೆ ಹಾಡಿನ ಹಿಂದೆ ಯಾವುದೋ ಹಕ್ಕಿ ಸಿಕ್ಕಿಹಾಕಿಕೊಂಡಿದೆಯೇನೋ ಅನಿಸುತ್ತದೆ. ಹೂಜಿಯೆಂದು ಗೊತ್ತಾಗುವ ಆನಂದಕ್ಕೆ ಆತನನ್ನು ಕಣ್ಣಾರೆ ಕಾಣುವಷ್ಟು ಹತ್ತಿರ ಇರಬೇಕು. ಸಣ್ಣ ಜಾಗದ ದೊಡ್ಡ ಲಾಭ ಇದೇ: ಮಾಯೆಯೂ ಕಾಣುತ್ತದೆ, ಮಾಯೆ ಮಾಡುವವನ ಕಾಲ್ಬೆರಳೂ ಕಾಣುತ್ತದೆ. ಇಂದಿನ ಗಿಟಾರಿಸ್ಟ್ ಕಾಲಬುಡದಲ್ಲಿ ಹತ್ತು ಹನ್ನೆರಡು ಪೆಡಲುಗಳನ್ನು ಹರಡಿಕೊಂಡು, ಬೂಟಿನ ತುದಿಯಿಂದ ಒಂದನ್ನು ಒತ್ತಲು ಹೋಗಿ ಇನ್ನೊಂದನ್ನು ಒತ್ತಿ, ಆಕಾಶಗಂಗೆ ಬರಬೇಕಾದಲ್ಲಿ ಮಿಕ್ಸಿಯ ಸದ್ದು ಬಂದಾಗ ಬೇಸಿನವನ ಕಡೆ ನೋಡಿ ನಗುತ್ತಾನಲ್ಲ, ಆ ನಗು ಟಿಕೆಟ್ಟಿನ ಅರ್ಧ ದುಡ್ಡಿಗೆ ಸಮ. ಈ ಸಂಗೀತದ ಜೀವಾಳ ಆಶುವಾದನ. ಪಿಂಕ್ ಫ್ಲಾಯ್ಡ್‌ನ 'ಇಂಟರ್‌ಸ್ಟೆಲ್ಲರ್ ಓವರ್‌ಡ್ರೈವ್' ಆಲ್ಬಮ್ಮಿನಲ್ಲೇ ಒಂಬತ್ತು ನಿಮಿಷ ದಾಟುತ್ತದೆ, ವೇದಿಕೆಯಲ್ಲಿ ಅದಕ್ಕೆ ಮಿತಿಯೇ ಇರಲಿಲ್ಲ. ದಾರಿ ತಪ್ಪುತ್ತ, ಹುಡುಕುತ್ತ ಹೋಗುವವರಿಗೆ ಜೊತೆಗೆ ದಾರಿ ತಪ್ಪಲು ಒಪ್ಪಿದ ಜನ ಬೇಕು. 1967ರಲ್ಲಿ ಇದೇ ಬ್ಯಾಂಡು ಲಂಡನ್ನಿನ ಆಚೆಯ ದೊಡ್ಡ ಬಾಲ್‌ರೂಮುಗಳಿಗೆ ಹೋದಾಗ ಜನ ಕೇಳಿದ್ದು ರೇಡಿಯೊದಲ್ಲಿ ಬರುತ್ತಿದ್ದ ಮೂರು ನಿಮಿಷದ ಹಾಡನ್ನು. ಸಿಗದಿದ್ದಾಗ ಬಾಲ್ಕನಿಯಿಂದ ತಲೆಯ ಮೇಲೆ ಬಿಯರ್ ಸುರಿದದ್ದನ್ನು ಬ್ಯಾಂಡಿನವರೇ ನೆನೆದಿದ್ದಾರೆ.

ಈಗ ಆಕ್ಷೇಪಣೆಗಳು. ಮೊದಲನೆಯದೇ ಭಾರಿಯದು: ಇದೇ ಪಿಂಕ್ ಫ್ಲಾಯ್ಡ್ ಮುಂದೆ ಸ್ಟೇಡಿಯಮ್ಮುಗಳನ್ನು ತುಂಬಿಸಿ ಜಗತ್ತನ್ನೇ ಬೆರಗುಗೊಳಿಸಲಿಲ್ಲವೇ? ತುಂಬಿಸಿತು. ಆಮೇಲೇನಾಯಿತು ಎಂದೂ ನೋಡಬೇಕು. 1977ರ ಜುಲೈ 6ರಂದು ಮಾಂಟ್ರಿಯಲ್‌ನ ಒಲಿಂಪಿಕ್ ಸ್ಟೇಡಿಯಮ್ಮಿನಲ್ಲಿ ಗದ್ದಲಕ್ಕೆ ರೋಸಿಹೋದ ರೋಜರ್ ವಾಟರ್ಸ್ ಮುಂದಿನ ಸಾಲಿನ ಅಭಿಮಾನಿಯೊಬ್ಬನ ಮೇಲೆ ಉಗಿದರು. ತನಗೂ ಕೇಳುಗರಿಗೂ ನಡುವೆ ಗೋಡೆ ಎದ್ದಿದೆ ಎಂಬ ಅರಿವು ಅಲ್ಲಿಂದ ಹುಟ್ಟಿ, 1979ರಲ್ಲಿ 'ದಿ ವಾಲ್' ಆಲ್ಬಮ್ ಆಯಿತು. ಅದನ್ನು ವೇದಿಕೆಗೆ ತಂದಾಗ ರಟ್ಟಿನ ಇಟ್ಟಿಗೆಗಳಿಂದ ಬ್ಯಾಂಡಿನ ಮುಂದೆ ನಿಜವಾಗಿಯೂ ಗೋಡೆ ಕಟ್ಟಿದರು. ದೊಡ್ಡ ಜಾಗದ ವಿರುದ್ಧ ಇದಕ್ಕಿಂತ ಬಲವಾದ ಸಾಕ್ಷ್ಯ ನನ್ನ ಬಳಿ ಇಲ್ಲ, ಇದನ್ನು ನುಡಿದವರು ಎದುರು ಪಕ್ಷದವರೇ. ಎರಡನೆಯ ಉದಾಹರಣೆಯಾಗಿ ಗ್ರೇಟ್‌ಫುಲ್ ಡೆಡ್ ಬ್ಯಾಂಡನ್ನು ತರುತ್ತಾರೆ. 1974ರಲ್ಲಿ ಅವರು ಸುಮಾರು 75 ಟನ್ ತೂಕದ ಧ್ವನಿವ್ಯವಸ್ಥೆಯನ್ನು ಬೆನ್ನ ಹಿಂದೆ ಪೇರಿಸಿಕೊಂಡು ಊರೂರು ತಿರುಗಿದರು, ದೂರದ ಕೇಳುಗನಿಗೂ ಸದ್ದು ಸ್ವಚ್ಛವಾಗಿ ಕೇಳಿತು. ಒಪ್ಪಿದೆ. ಆದರೆ ಅದನ್ನು ಸಾಗಿಸುವ ಖರ್ಚಿಗೆ ಆ ವರ್ಷದ ಕೊನೆಯೊಳಗೇ ಕೈಬಿಟ್ಟರು. ಪುಟ್ಟ ಕೋಣೆ ಪುಕ್ಕಟೆ ಕೊಡುವುದನ್ನು ಬಯಲಿನಲ್ಲಿ ಕೊಡಲು 75 ಟನ್ ಬೇಕಾಯಿತು ಎಂದರೆ ವಾದ ಯಾರ ಕಡೆ ವಾಲಿತು? ಸ್ಯಾನ್ ಫ್ರಾನ್ಸಿಸ್ಕೊದ ಫಿಲ್‌ಮೋರ್‌ನಂಥ ಸಾವಿರ ಜನರ ಹಾಲುಗಳ ಬಗ್ಗೆ ಮಾತ್ರ ನನಗೆ ತಕರಾರಿಲ್ಲ. ಅಷ್ಟು ಉದಾರಿ ನಾನು.

ಎರಡನೆಯ ಆಕ್ಷೇಪಣೆಯನ್ನು ಮನೆಯ ಹಿರಿಯರು ಗಂಟಲು ಸರಿಪಡಿಸಿಕೊಂಡು ಹೇಳುತ್ತಾರೆ: ಇದೆಲ್ಲ ಮದ್ದಿನ ಮಹಿಮೆ, ನೆಟ್ಟಗಿರುವವರಿಗೆ ಇದರಲ್ಲೇನು ಸಿಗುತ್ತದೆ? ಆ ಕಾಲದ ಆ ಜಾಗಗಳಲ್ಲಿ ಎಲ್‌ಎಸ್‌ಡಿ ಓಡಾಡುತ್ತಿತ್ತು, ಅದನ್ನು ಮುಚ್ಚಿಡುವುದು ಸುಳ್ಳಾಗುತ್ತದೆ. ಹಾಪ್ಕಿನ್ಸ್ 1967ರಲ್ಲಿ ಗಾಂಜಾ ಪ್ರಕರಣದಲ್ಲಿ ಜೈಲಿಗೂ ಹೋದರು. ಬ್ಯಾರೆಟ್‌ನ ಮನಸ್ಸು ಎರಡೇ ವರ್ಷದಲ್ಲಿ ಹದಗೆಟ್ಟು, 1968ರಲ್ಲಿ ಬ್ಯಾಂಡು ಬಿಡಬೇಕಾಯಿತು. ಅದರಲ್ಲಿ ತಮಾಷೆಯೇನೂ ಇಲ್ಲ. ಅದಕ್ಕೇ ನಾನು ಹೇಳುವುದು, ಮದ್ದಿಗೆ ಕೊಟ್ಟ ಕೀರ್ತಿಯಲ್ಲಿ ಬಹುಪಾಲನ್ನು ಕೋಣೆಗೆ ವಾಪಸು ಕೊಡಿ. ಗೋಡೆ ಉಸಿರಾಡಿದಂತೆ ಕಾಣಲು ಎಣ್ಣೆ ಮತ್ತು ನೀರು ಸಾಕು. ಕಾಲ ನಿಂತಂತೆ ಅನಿಸಲು ಒಂದೇ ಸ್ವರದ ಮೇಲೆ ಇಪ್ಪತ್ತು ನಿಮಿಷ ನಿಲ್ಲುವ ಬೇಸು ಸಾಕು. ಅಮೆರಿಕದ ಮಾಂಟೆರೆ ಸಂಗೀತೋತ್ಸವದಲ್ಲಿ 1967ರ ಜೂನ್‌ನಲ್ಲಿ ಪಂಡಿತ್ ರವಿಶಂಕರ್ ಕಛೇರಿಯ ಹೊತ್ತಿನಲ್ಲಿ ಯಾರೂ ಸೇದಬಾರದೆಂದು ಕೇಳಿಕೊಂಡು ಮಧ್ಯಾಹ್ನ ನುಡಿಸಿದಾಗಲೂ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅದೇ ರವಿಶಂಕರ್ 1971ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನ ಸಾವಿರಾರು ಜನರ ಮುಂದೆ ಸಿತಾರನ್ನು ಶ್ರುತಿ ಮಾಡಿಕೊಳ್ಳುತ್ತಿದ್ದರೆ, ಅದನ್ನೇ ಕಛೇರಿ ಎಂದುಕೊಂಡು ಸಭೆ ಭರ್ಜರಿಯಾಗಿ ಚಪ್ಪಾಳೆ ತಟ್ಟಿತು. ಜಾಗ ದೊಡ್ಡದಾದಷ್ಟೂ ಶ್ರುತಿಗೂ ಸಂಗೀತಕ್ಕೂ ವ್ಯತ್ಯಾಸ ತಿಳಿಯುವುದು ಕಷ್ಟ.

ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ಮನೆಯಲ್ಲೇ ಕೇಳಬಹುದಲ್ಲ ಎಂಬುವರಿಗೆ ಉತ್ತರ ಸುಲಭ. ಹೆಡ್‌ಫೋನು ಎದೆಗೆ ಗುದ್ದುವುದಿಲ್ಲ, ಪಕ್ಕದವನ ಬೆವರೂ ತಾಗುವುದಿಲ್ಲ. ಎರಡನೆಯದನ್ನು ಲಾಭವೆಂದೇ ಅವರು ಎಣಿಸಿದರೆ ನಾನು ಜಗಳಕ್ಕೆ ಹೋಗುವುದಿಲ್ಲ. ಕಿವಿಯ ಪ್ರಶ್ನೆ ಮಾತ್ರ ಹಾಗೆ ತಳ್ಳಿಹಾಕುವಂಥದ್ದಲ್ಲ. ಸಣ್ಣ ಕೋಣೆಯಲ್ಲಿ ಸದ್ದಿಗೆ ಓಡಿಹೋಗಲು ಜಾಗವಿಲ್ಲ, ಆಂಪಿನ ಮುಂದೆ ನಿಂತವನ ಕಿವಿಗೆ ಅದು ನೇರ ಬೀಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಇಂಥ ಜಾಗಗಳಿಗೆ ಹದಿನೈದು ನಿಮಿಷದ ಸರಾಸರಿ 100 ಡೆಸಿಬೆಲ್ ಮೀರಬಾರದೆಂಬ ಮಾನದಂಡ ಕೊಟ್ಟಿದೆ. ಬಹಳಷ್ಟು ಬ್ಯಾಂಡುಗಳು ಅದನ್ನು ಗುರಿಯೆಂದು ತಪ್ಪಾಗಿ ಓದಿಕೊಂಡಂತಿದೆ. ಈ ಒಂದು ವಿಷಯದಲ್ಲಿ ನನ್ನ ವಾದಕ್ಕೆ ಗಾಯವಾಗಿದೆ ಎಂದು ಒಪ್ಪುತ್ತೇನೆ. ಪಟ್ಟಿ ಕಟ್ಟಲು ಇಯರ್‌ಪ್ಲಗ್ ಇದೆ. ಅದು ಸದ್ದನ್ನು ತಗ್ಗಿಸುತ್ತದೆಯೇ ಹೊರತು ಸಂಗೀತವನ್ನು ಕೊಲ್ಲುವುದಿಲ್ಲ, ಬೇಸಂತೂ ಕಿವಿಯ ಅಪ್ಪಣೆ ಕೇಳದೆ ಎದೆಯಿಂದಲೇ ಒಳಗೆ ಬರುತ್ತದೆ.

ಕೊನೆಯ ಆಕ್ಷೇಪಣೆ ದುಡ್ಡಿನದು, ಅದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಯುಎಫ್ಒ ಕೂಡ ಬೇರೆ ಜಾಗ ಹುಡುಕಬೇಕಾಗಿ ಬಂದಾಗ ರೌಂಡ್‌ಹೌಸ್ ಎಂಬ ಹಳೆಯ ರೈಲ್ವೆ ಎಂಜಿನ್ ಶೆಡ್ಡಿಗೆ ಹೋಗಿ, ಅಲ್ಲಿನ ಖರ್ಚು ತಾಳದೆ 1967ರ ಅಕ್ಟೋಬರಿನಲ್ಲಿ ಬಾಗಿಲು ಹಾಕಿತು. ಹತ್ತು ತಿಂಗಳೂ ತುಂಬಿರಲಿಲ್ಲ. ನಮ್ಮ ಬೆಂಗಳೂರಿನ ಅನುಭವವೂ ಬೇರೆಯಲ್ಲ. 2002ರಲ್ಲಿ ರೋಜರ್ ವಾಟರ್ಸ್ ಅರಮನೆ ಮೈದಾನಕ್ಕೆ ಬಂದಾಗ ಜನಸಾಗರ ಸೇರಿತು. ಅದೇ ಊರಿನ ಇಂದಿರಾನಗರದಲ್ಲಿ ಹೊಸ ಬ್ಯಾಂಡುಗಳಿಗೆ ನೆಲೆಯಾಗಿದ್ದ ಹಮ್ಮಿಂಗ್ ಟ್ರೀ 2013ರಲ್ಲಿ ತೆರೆದು 2019ರಲ್ಲಿ ಮುಚ್ಚಿತು. ಉರ್ದು, ಕಾಶ್ಮೀರಿಯಲ್ಲಿ ಹಾಡುವ ಬೆಂಗಳೂರಿನ ಪರ್ವಾಜ್‌ನಂಥ ಸೈಕೆಡೆಲಿಕ್ ಒಲವಿನ ಬ್ಯಾಂಡುಗಳು ಬೆಳೆಯುವುದು ಇಂಥ ಕೋಣೆಗಳಲ್ಲೇ. ಲೈವ್ ಸಂಗೀತದ ಜಾಗಗಳಿಗೆ ಪ್ರತ್ಯೇಕ ಪರವಾನಗಿ ಬೇಕೆಂಬ 2005ರ ಆದೇಶವನ್ನು ಸುಪ್ರೀಂ ಕೋರ್ಟು 2018ರಲ್ಲಿ ಎತ್ತಿಹಿಡಿದಾಗ ಹಲವು ಕಡೆ ಸಂಗೀತವೇ ನಿಂತಿತು. ಪಕ್ಕದ ಮನೆಯ ಮಗು ಮಲಗಬೇಕು, ಅಜ್ಜಿಗೆ ನಿದ್ದೆ ಬೇಕು. ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರ ಮೇಲೆ 45 ಡೆಸಿಬೆಲ್ ಮಿತಿ ಎಂಬ ನಿಯಮ ಇರುವುದು ಅವರಿಗಾಗಿಯೇ. ಹಾಗಾಗಿ ನೆರೆಯವರ ಮೇಲೆ ನನಗೆ ಸಿಟ್ಟಿಲ್ಲ. ರಾತ್ರಿ ಖಾಲಿಯಾಗುವ ಅಂಗಡಿಬೀದಿಗಳಲ್ಲಿ, ಸದ್ದು ಹೊರಬಾರದಂತೆ ಗೋಡೆ ಕಟ್ಟಿದ ಜಾಗಕ್ಕೆ ಸುಲಭವಾಗಿ ಪರವಾನಗಿ ಸಿಗಲಿ ಎನ್ನುವುದಷ್ಟೇ ನನ್ನ ಬೇಡಿಕೆ. ಟಾಟನಮ್ ಕೋರ್ಟ್ ರಸ್ತೆಯೂ ಹಗಲು ವ್ಯಾಪಾರದ ಬೀದಿಯೇ.

ಅಷ್ಟರವರೆಗೆ, ಹೆಸರೇ ಕೇಳದ ಯಾವುದಾದರೂ ಬ್ಯಾಂಡಿನ ಪೋಸ್ಟರ್ ಕಂಡರೆ ಟಿಕೆಟ್ಟು ಕೊಂಡುಬಿಡಿ, ಪುಕ್ಕಟೆ ಪಾಸು ಕೇಳಬೇಡಿ. ಇಯರ್‌ಪ್ಲಗ್ ಜೇಬಿನಲ್ಲಿರಲಿ. ಮೊದಲ ಅರ್ಧ ಗಂಟೆ ಸೌಂಡ್ ಎಂಜಿನಿಯರ್ ಕೂತ ಮೇಜಿನ ಪಕ್ಕ ನಿಲ್ಲಿ, ಇಡೀ ಕೋಣೆಯಲ್ಲಿ ಸದ್ದು ನೆಟ್ಟಗಿರುವುದು ಸಾಮಾನ್ಯವಾಗಿ ಅಲ್ಲಿಯೇ. ಆಮೇಲೆ ನಡೆದಾಡಿ. ಫೋನಿನಲ್ಲಿ ವಿಡಿಯೊ ತೆಗೆಯುವ ಗೋಜಿಗೆ ಹೋಗಬೇಡಿ, ಆ ಮಂದ ಬೆಳಕಿನಲ್ಲಿ ಏನೂ ಬರುವುದಿಲ್ಲ. ಹಾಡು ಯಾವಾಗ ಮುಗಿಯುತ್ತದೆ ಎಂದು ಪಕ್ಕದವರನ್ನು ಕೇಳಿ ಪ್ರಯೋಜನವಿಲ್ಲ, ಬ್ಯಾಂಡಿನವರಿಗೇ ಗೊತ್ತಿರುವುದಿಲ್ಲ.